ಸಣ್ಣತಾಯಮ್ಮ ವೀಳ್ಯ ಹಿಡಿಯದ ವರ್ಷ

ಕಳೆದ ತಿಂಗಳು ಕೆ.ಆರ್. ಪೇಟೆಯಿಂದ ಪಾಂಡವಪುರಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆ. ದಾರಿಯಲ್ಲಿ ಒಂದು ಟ್ಯಾಂಕರು ಕೆಟ್ಟು ನಿಂತಿತ್ತು. ಅದರ ಹಿಂದಿನ ನಲ್ಲಿಯಿಂದ ಕಾಕಂಬಿ ಸೋರಿ ಡಾಂಬರಿನ ಮೇಲೆ ಹರಡಿತ್ತು. ಕಾಕಂಬಿ ಎಂದರೆ ಕಬ್ಬಿನ ಹಾಲಿನಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ. ಹಿಂದಿನ ಸೀಟಿನ ಹೆಂಗಸು ಮಗುವಿಗೆ "ಬೆಲ್ಲದ ವಾಸ್ನೆ ನೋಡ್ಲಾ" ಎಂದಳು. ನಾನು ಕಿಟಕಿ ಮುಚ್ಚಿದೆ. ಅದೇ ವಾಸನೆ ಕೊಳೆತು ಹುಳಿಯಾದಾಗ ಹೇಗಿರುತ್ತದೆ ಎಂಬುದನ್ನು ನಾನು ಒಂದು ಇಡೀ ವರ್ಷ, ಒಂದು ಯುಗಾದಿಯಿಂದ ಇನ್ನೊಂದು ಯುಗಾದಿಯವರೆಗೆ, ಮೂಗಿನಲ್ಲಿಟ್ಟುಕೊಂಡು ಓಡಾಡಿದ್ದೆ.

ತೊಂಬತ್ತರ ದಶಕದ ನಡುವಿನ ಮಾತು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳಿಗೆ ಒಂದು ದಿನಪತ್ರಿಕೆಯ ವರದಿಗಾರನಾಗಿದ್ದೆ. ಪಾಂಡವಪುರದಲ್ಲಿ ಬಾಡಿಗೆ ಕೋಣೆ. ಬರೆದದ್ದನ್ನು ಕವರಿಗೆ ಹಾಕಿ ಸಂಜೆಯ ಮೈಸೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಅಂದಿನ ಕೆಲಸ ಮುಗಿಯುತ್ತಿತ್ತು. ಕಂಡದ್ದನ್ನೂ ಕೇಳಿದ್ದನ್ನೂ ಬೆರೆಸಬಾರದು, ಯಾರಾದರೂ ಏನಾದರೂ ಅಂದರೆ ಅಂದವರ ಹೆಸರು ಹಾಕಬೇಕು ಎಂದು ನಮ್ಮ ಡೆಸ್ಕಿನವರು ಕಲಿಸಿದ್ದರು. ಆ ಪಾಠ ಈ ಕಥೆಯಲ್ಲಿ ಒಬ್ಬರಿಗೆ ಬಹಳ ದುಬಾರಿಯಾಯಿತು.

ಅವರು ತಿಮ್ಮಪ್ಪಗೌಡರು. ನಾಗಮಂಗಲದ ಕಡೆಯವರು, ಶ್ರೀರಂಗಪಟ್ಟಣದಲ್ಲಿ ಹೊಳೆಯ ಪಕ್ಕ ಮನೆ. ಪಾಂಡವಪುರದಿಂದ ಕೆ.ಆರ್. ಪೇಟೆಗೆ ಹೋಗುವ ದಾರಿಯಲ್ಲಿ, ನಾಲೆಯ ಕೆಳಗಿನ ಒಂದು ಊರಿನಲ್ಲಿ ಕಾಕಂಬಿಯಿಂದ ಸ್ಪಿರಿಟ್ ತೆಗೆಯುವ ಫ್ಯಾಕ್ಟರಿ ನಡೆಸುತ್ತಿದ್ದರು. ಸ್ಪಿರಿಟ್ ತೆಗೆದ ಮೇಲೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಹೊಲಸು ನೀರು ಉಳಿಯುತ್ತದೆ. ಊರಿನವರು ಅದನ್ನು ಕಪ್ಪುನೀರು ಎನ್ನುತ್ತಿದ್ದರು. ಅದನ್ನು ನಿಲ್ಲಿಸಲು ಹೊಂಡಗಳು ಬೇಕು. ಹೊಂಡ ತಮ್ಮ ಜಮೀನಿನಲ್ಲಿದ್ದರೆ ಮಾಲಿನ್ಯ ಮಂಡಳಿಯವರು ಬಂದು ಅಳೆಯುತ್ತಾರೆ, ಕೇಳುತ್ತಾರೆ. ಅದಕ್ಕೆ ಗೌಡರು ಆ ಊರಿನ ರೈತ ಹೆಂಗಸು ಸಣ್ಣತಾಯಮ್ಮನವರ ಪಕ್ಕದ ಗದ್ದೆಯನ್ನು ಗುತ್ತಿಗೆಗೆ ತೆಗೆದುಕೊಂಡರು. ಕಾಗದ ಮಾಡಲಿಲ್ಲ. ಬಾಯಿಮಾತಿನ ಗುತ್ತಿಗೆ. ಲಾರಿಗಳು ತಿರುಗಲು ಜಾಗ ಸಾಲದೆ, ಟಾರು ರಸ್ತೆಯಿಂದ ಫ್ಯಾಕ್ಟರಿ ಗೇಟಿನವರೆಗೆ ಅದೇ ಗದ್ದೆಯ ಮೇಲೆ ಜಲ್ಲಿ ರಸ್ತೆಯನ್ನೂ ಹಾಕಿಕೊಂಡರು.

ಆ ಸೀಮೆಯಲ್ಲಿ ಬಾಯಿಮಾತಿನ ಗುತ್ತಿಗೆಗೆ ತನ್ನದೇ ಕಟ್ಟುಪಾಡಿದೆ. ಪ್ರತಿ ಯುಗಾದಿಗೆ ಗುತ್ತಿಗೆದಾರ ನಾಲ್ಕು ಜನರ ಎದುರಿಗೆ ದುಡ್ಡಿನ ಜೊತೆ ಎಲೆ, ಅಡಿಕೆ, ತೆಂಗಿನಕಾಯಿ ಇಟ್ಟು ಭೂಮಿ ಕೊಟ್ಟವರ ಕೈಗೆ ವೀಳ್ಯ ಕೊಡಬೇಕು. ಗುತ್ತಿಗೆ ಬಿಡುವ ವರ್ಷ ಹೊಲವನ್ನು ಹಸನು ಮಾಡಿ, ಇಬ್ಬರೂ ಬರಿಗಾಲಲ್ಲಿ ಬದು ಸುತ್ತಿ ಬಂದು, ಕೊನೆಯ ವೀಳ್ಯ ಕೊಡಬೇಕು. ಭೂಮಿಯವರು ಅದನ್ನು ಹಿಡಿದರೆ ಗುತ್ತಿಗೆ ಮುಗಿಯಿತು. ಹಿಡಿಯದಿದ್ದರೆ ಮುಗಿದಿಲ್ಲ. ತಿಮ್ಮಪ್ಪಗೌಡರು ಅದೇ ಸೀಮೆಯ ನೀರು ಕುಡಿದು ಬೆಳೆದವರು. ಇದೆಲ್ಲ ಗೊತ್ತಿತ್ತು. ಗೊತ್ತಿದ್ದೇ ಪ್ರತಿ ಯುಗಾದಿಗೆ ತಾವೇ ಬಂದು ವೀಳ್ಯ ಕೊಡುತ್ತಿದ್ದರು.

ಫ್ಯಾಕ್ಟರಿ ಮುಚ್ಚುವುದಕ್ಕೆ ಮುಂಚಿನ ಬೇಸಿಗೆಯಲ್ಲಿ ಸಣ್ಣತಾಯಮ್ಮನವರ ಮಗ ನಿಂಗರಾಜ ಪಂಪ್‌ಸೆಟ್ಟಿನ ಫುಟ್‌ವಾಲ್ವ್ ಸರಿಮಾಡಲು ಗದ್ದೆಯ ಬಾವಿಗೆ ಇಳಿದ. ಹೊಂಡದ ಕಪ್ಪುನೀರು ಒಳಗೊಳಗೇ ಬಾವಿಗೆ ಬಸಿದು ಎಷ್ಟೋ ಕಾಲವಾಗಿತ್ತು. ಒಳಗೆ ಗ್ಯಾಸು ತುಂಬಿತ್ತು. ಅವನು ಹತ್ತಿ ಬರಲಿಲ್ಲ. ನಾನು ಹೋದಾಗ ಗೌಡರು ಕಾರಿಗೆ ಒರಗಿ ನಿಂತು ಪೊಲೀಸರ ಜೊತೆ ಮಾತಾಡುತ್ತಿದ್ದರು. ನನ್ನನ್ನು ಕಂಡು ದನಿ ಎತ್ತಿ ಹೇಳಿದರು: "ಬರ್ಕಳಿ, ಬರ್ಕಳಿ. ಫ್ಯಾಕ್ಟ್ರಿ ಮುಂದ್ಗಡೆನೇ ಮನೆ, ಕುಡ್ಯೋ ಚಟ. ಕುಡ್ದು ಬಾವಿಗಿಳುದ್ರೆ ಇನ್ನೇನಾಯ್ತದೆ?" ನಾನು ಅವರ ಹೆಸರು ಹಾಕಿ ಬರೆದೆ. ಅದರ ಕೆಳಗೆ, ಬಾವಿಯ ನೀರು ಕಪ್ಪಾಗಿತ್ತು ಎಂದು ನಾನು ಕಂಡದ್ದನ್ನೂ ಬರೆದೆ. ಎರಡೂ ಅಚ್ಚಾದವು. ಊರಿನ ಬಾಯಲ್ಲಿ ಉಳಿದದ್ದು ಮೊದಲನೆಯದು.

ಸಣ್ಣತಾಯಮ್ಮನವರಿಗೆ ಓದಲು ಬರುತ್ತಿರಲಿಲ್ಲ. ಯಾರಿಂದಲೋ ಓದಿಸಿಕೊಂಡಿದ್ದರು. ಕೆಲವು ದಿನ ಬಿಟ್ಟು ಸಂತೆಯಲ್ಲಿ ಸಿಕ್ಕಾಗ ನನಗೆ ಒಂದೇ ಮಾತು ಅಂದರು: "ನನ್ ಮಗ ಮಜ್ಜಿಗೆ ಬುಟ್ರೆ ಇನ್ನೇನೂ ಮುಟ್ದೋನಲ್ಲ ಕಣಪ್ಪ." ಅವರಿಗೆ ಬೇಕಾಗಿದ್ದದ್ದು ಎರಡು. ಗದ್ದೆ ಗದ್ದೆಯಾಗಿ ವಾಪಸ್ಸು ಬರಬೇಕು, ಮಗನ ಮೇಲೆ ಬಿದ್ದ ಆ ಮಾತು ಹೋಗಬೇಕು. ಮೊದಲನೆಯದನ್ನು ಬಾಯಿಬಿಟ್ಟು ಕೇಳಿದರು. ಎರಡನೆಯದನ್ನು ಅವರು ಯಾರಲ್ಲೂ ಕೇಳಿದ್ದನ್ನು ನಾನು ಕಾಣೆ.

ಮರುವರ್ಷ ಫ್ಯಾಕ್ಟರಿಯ ಲೈಸೆನ್ಸು ಹೋಯಿತು, ಬ್ಯಾಂಕಿನ ಸಾಲ ಕುತ್ತಿಗೆಗೆ ಬಂತು. ಶ್ರೀರಂಗಪಟ್ಟಣದ ಅಕ್ಕಿ ವ್ಯಾಪಾರಿ ಜಬ್ಬಾರ್ ಸಾಹೇಬರು ಆ ಜಾಗ ಕೊಂಡು ರೈಸ್ ಮಿಲ್ಲು ಹಾಕಲು ಮುಂದೆ ಬಂದರು. ಗೌಡರ ಲೆಕ್ಕ ಸರಳವಾಗಿತ್ತು. ಬಂದದ್ದರಲ್ಲಿ ಬ್ಯಾಂಕಿನ ಸಾಲ ಕಳೆದು, ಮಿಕ್ಕಿದ್ದರಲ್ಲಿ ಮೈಸೂರಿನಲ್ಲಿ ಒಂದು ಕಲ್ಯಾಣ ಮಂಟಪ. ಹೊಂಡಗಳ ಪಾಡು ಸಣ್ಣತಾಯಮ್ಮನವರಿಗೆ. ಆ ಯುಗಾದಿಯ ಬೆಳಿಗ್ಗೆ ಅವರು ಕೊನೆಯ ವೀಳ್ಯದ ತಟ್ಟೆ ಹಿಡಿದು ಊರಿಗೆ ಬಂದರು.

ಬೇವು-ಬೆಲ್ಲ ತಿಂದು ಜನ ಚಾವಡಿಯಲ್ಲಿ ಕೂತಿದ್ದರು. ನಾನೂ ಇದ್ದೆ. ಸಣ್ಣತಾಯಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಬಂದರು.

"ತಗೋ ಅಕ್ಕ," ಎಂದರು ಗೌಡರು, ತಟ್ಟೆ ಚಾಚಿ.

"ಒಲ ನೋಡ್ಬೇಕಲ್ಲ ಗೌಡ್ರೇ. ನಡೀರಿ. ಮೆಟ್ ಬುಟ್ಬುಟ್ಟು ಬನ್ನಿ."

ಗೌಡರು ಬೂಟು ಬಿಡಲಿಲ್ಲ. ಹೊಂಡದ ಅಂಚಿನವರೆಗೆ ನಡೆದು ನಿಂತರು. ಮೇಲೆ ಕೆನೆ ಒಣಗಿ ಬಿರುಕು ಬಿಟ್ಟ ನೆಲದ ಹಾಗೆ ಕಾಣುತ್ತಿತ್ತು. ಸಣ್ಣತಾಯಮ್ಮ ಬದುವಿನ ಮೇಲೆ ಬಿದ್ದಿದ್ದ ದನ ಹೊಡೆಯುವ ಕೋಲನ್ನು ಎತ್ತಿ ಅದರೊಳಗೆ ಊರಿದರು. ಕೋಲು ಹಿಡಿಯವರೆಗೆ ಇಳಿಯಿತು. ಎಳೆದಾಗ ಕಪ್ಪು ಬಗ್ಗಡ ತೊಟ್ಟಿಕ್ಕಿತು. ಆ ವಾಸನೆಗೆ ಜನ ಹಿಂದೆ ಸರಿದರು.

"ನಾನ್ ಕೊಟ್ಟಾಗ ಇಲ್ಲಿ ಭತ್ತ ಬೆಳೀತಿತ್ತು," ಎಂದರು.

"ಮ್ಯಾಲೆ ನಾಕ್ ಲೋಡ್ ಮಣ್ ಒಡುಸ್ಬುಡ್ತೀನಿ ಬುಡಕ್ಕ."

ಪಕ್ಕದ ಗದ್ದೆಯ ಮರೀಗೌಡ ಆ ಊರಿನ ಬಾಯಿ. ಅವನು ಹಿಂದಿನಿಂದ ಅಂದ: "ಎಣದ್ ಮ್ಯಾಲೆ ಮಣ್ಣಾಕೋದು ಗೌಡ್ರಿಗೆ ರೂಢಿ ಬುಡ್ರಪ್ಪ."

ಗೌಡರ ಮುಖ ಕೆಂಪಾಯಿತು. "ಏನ್ಲಾ ಅಂದೆ? ಕಾಗ್ದ ಎಲ್ಲೈತ್ಲಾ ಈ ಗುತ್ತಿಗೆಗೆ? ತೋರ್ಸು. ಈಯಮ್ಮ ವೀಳ್ಯ ಇಡೀಲಿ, ಬುಡ್ಲಿ. ನಂಗೇನ್ ಆಗ್ಬೇಕು?" ತಟ್ಟೆಯನ್ನು ಬದುವಿನ ಮೇಲೆ ಕುಕ್ಕಿ ಕಾರು ಹತ್ತಿದರು.

ಕಾಗದ ಇರಲಿಲ್ಲ ಎಂಬುದೇ ಅವರನ್ನು ಹಿಡಿಯಿತು. ಕಾಗದವಿಲ್ಲದ ಕಾರಣ ಹೊಂಡಗಳು ಅವರದಲ್ಲ ಎಂದಾದರೆ, ರಸ್ತೆಯೂ ಅವರದಲ್ಲ. ಜಬ್ಬಾರ್ ಸಾಹೇಬರು ಮಿಲ್ಲಿಗೆ ಸಾಲ ಕೇಳಿದ್ದು ಅದೇ ಬ್ಯಾಂಕಿನಲ್ಲಿ. ಬ್ಯಾಂಕಿನವರು ಜಾಗ ನೋಡಲು ಬಂದ ದಿನ ಜಲ್ಲಿ ರಸ್ತೆಯ ಬಾಯಿಗೆ ಸಣ್ಣತಾಯಮ್ಮ ಎತ್ತಿನ ಗಾಡಿ ಅಡ್ಡ ನಿಲ್ಲಿಸಿ, ನೊಗದ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ರಸ್ತೆಯಿಲ್ಲದ ಮಿಲ್ಲಿಗೆ ಸಾಲ ಕೊಡುವ ಬ್ಯಾಂಕು ಇಲ್ಲ. ಸಾಲವಿಲ್ಲದೆ ಸಾಹೇಬರು ಕೊಳ್ಳುವುದಿಲ್ಲ. ಅವರು ಕೊಳ್ಳದೆ ಗೌಡರ ಸಾಲ ತೀರುವುದಿಲ್ಲ, ಬಡ್ಡಿ ನಿಲ್ಲುವುದಿಲ್ಲ. ಆ ದಿನ ಸಂಜೆ ಸುದ್ದಿ ಬರೆಯುವಾಗ ನನ್ನ ಕೈ ಎಂದಿಗಿಂತ ಹಗುರವಾಗಿತ್ತು.

ಪಾಂಡವಪುರದ ಬ್ಯಾಂಕಿನಲ್ಲಿ ಮಾತುಕತೆಗೆ ಕೂತರು. ಮ್ಯಾನೇಜರು ಒಳ್ಳೆಯವರು, ಆದರೆ ಇಂಥದ್ದನ್ನು ಹಿಂದೆ ಕಂಡವರಲ್ಲ. ಹೊಲಸು ತೆಗೆಯುವ ಖರ್ಚು ಯಾರದು ಎಂಬ ಪ್ರಶ್ನೆ ಮೇಜಿನ ಸುತ್ತ ತಿರುಗಿತು. ಮಂಡಳಿಯಿಂದ ಬಂದಿದ್ದ ಅಧಿಕಾರಿ, ಇಂಥ ಕೆಲಸಕ್ಕೆ ಸರ್ಕಾರದಲ್ಲಿ ದುಡ್ಡು ಇಟ್ಟಿಲ್ಲ, ಫ್ಯಾಕ್ಟರಿ ನಡೆಯುತ್ತಿದ್ದರೆ ನೋಟಿಸು ಕೊಡಬಹುದಿತ್ತು ಎಂದರು. ಬ್ಯಾಂಕಿನ ದುಡ್ಡು ಠೇವಣಿದಾರರದ್ದು, ಅದನ್ನು ಹೊಂಡಕ್ಕೆ ಹಾಕಲಾಗದು ಎಂದರು ಮ್ಯಾನೇಜರು.

"ನಾನ್ ಕೊಳ್ಳೋದು ಗೋಡೆ, ಶೆಡ್ಡು," ಎಂದರು ಜಬ್ಬಾರ್ ಸಾಹೇಬರು. "ಗಲೀಜು ಯಾರ್ದೋ, ಪೈಸಾ ನಂದಾ? ಭತ್ತ ಬೇಯ್ಸಕ್ಕೆ ನಂಗೆ ಸಾಫ್ ನೀರ್ ಬೇಕು ಸಾರ್. ಆ ಬಾವಿ ನೀರಲ್ಲಿ ಬೇಯ್ಸಿದ್ರೆ ನನ್ ಅಕ್ಕಿನ ನಾಯೀನೂ ಮೂಸಲ್ಲ."

ಎಲ್ಲರೂ ಗೌಡರ ಕಡೆ ನೋಡಿದರು. ಗೌಡರು ಫ್ಯಾನಿನ ಕಡೆ ನೋಡಿದರು.

ದಾರಿ ಹುಡುಕಿದ್ದು ಮ್ಯಾನೇಜರೇ. ಮಾರಾಟ ಆಗಲಿ. ಬ್ಯಾಂಕಿನ ಸಾಲ ಕಳೆದು ಗೌಡರಿಗೆ ಉಳಿಯುವ ದುಡ್ಡು ಅವರ ಕೈಗೆ ಹೋಗದೆ ಬ್ಯಾಂಕಿನಲ್ಲೇ ಬೇರೆ ಖಾತೆಯಲ್ಲಿ ಇರಲಿ. ಹೊಂಡದ ಹೊಲಸು ತೆಗೆಯುವ, ಮಣ್ಣು ತುಂಬುವ, ಬಾವಿ ಶುದ್ಧ ಮಾಡುವ ಬಿಲ್ಲುಗಳಿಗೆ ಅದರಿಂದಲೇ ಸಂದಾಯ. ಕೆಲಸ ಮುಗಿದ ಮೇಲೆ ಮಿಕ್ಕದ್ದು ಗೌಡರಿಗೆ. ಕೆಲಸ ನಡೆಯುತ್ತಿರುವಷ್ಟು ದಿನ ರಸ್ತೆಗೆ ಅಡ್ಡಿಯಿಲ್ಲ.

"ಕೆಲಸ ಮುಗೀತು ಅಂತ ಯಾರು ಹೇಳ್ಬೇಕು?" ಎಂದು ಮಂಡಳಿಯವರು ಕೇಳಿದರು.

"ಅದ್ಕೇನು, ನಮ್ ಕಡೇಲಿ ಪದ್ಧತಿ ಐತಲ್ಲ," ಎಂದರು ಸಣ್ಣತಾಯಮ್ಮ. ಅಷ್ಟು ಹೊತ್ತು ಅವರು ಬಾಗಿಲ ಹತ್ತಿರದ ಬೆಂಚಿನಲ್ಲಿ ಸುಮ್ಮನೆ ಕೂತಿದ್ದರು. "ನಾನು ವೀಳ್ಯ ಇಡುದ್ರೆ ಮುಗೀತು."

ಗೌಡರು ಒಪ್ಪಿದರು. ಬಡ್ಡಿಯ ಭಯ ಒಂದು ಕಾರಣ. ಮುದುಕಿ ಒಂದು ತಿಂಗಳಲ್ಲಿ ಸೋಲುತ್ತಾಳೆ ಎಂಬ ಧೈರ್ಯ ಇನ್ನೊಂದು. ಮೆಟ್ಟಿಲು ಇಳಿಯುವಾಗ ನನಗೆ ಕೇಳುವಂತೆಯೇ ಅಂದರು: "ಈ ಎಂಗ್ಸರ ಅಟ ಎಷ್ಟ್ ದಿನ? ಒಂದ್ ಸೀರೆ ಕೊಟ್ರೆ ಮುಗೀತದೆ."

ಸೀರೆಯನ್ನೂ ಕಳಿಸಿದರು. ಅದನ್ನು ಸಣ್ಣತಾಯಮ್ಮ ಹೊಂಡದ ಅಂಚಿನಲ್ಲಿ ಬೆದರುಬೊಂಬೆಗೆ ಉಡಿಸಿದರು. ಜರಿ ಅಂಚಿನ ಬೆದರುಬೊಂಬೆಯನ್ನು ನೋಡಲು ಕಿಕ್ಕೇರಿ ಬಸ್ಸಿನವರು ಕಿಟಕಿಯಿಂದ ತಲೆ ಹಾಕುತ್ತಿದ್ದರು.

ಆ ಬೇಸಿಗೆಯಲ್ಲಿ ಕಪ್ಪು ಬಗ್ಗಡವನ್ನು ಹಾರೆ, ಬಾಂಡ್ಲಿಗಳಲ್ಲಿ, ಆಮೇಲೆ ಯಂತ್ರ ತರಿಸಿ ಎತ್ತಿದರು. ಮಂಡಳಿಯವರು ಹೇಳಿದಂತೆ ಫ್ಯಾಕ್ಟರಿಯೊಳಗೆ ಸಿಮೆಂಟಿನ ತೊಟ್ಟಿ ಕಟ್ಟಿ ಅದರಲ್ಲಿ ಒಣಗಿಸಿದರು. ಬಿಸಿಲು ಏರಿದಂತೆ ವಾಸನೆ ಏರಿತು. ಕೂಲಿಯವರು ಮೂಗಿಗೆ ಟವೆಲು ಕಟ್ಟಿ, ಅರ್ಧ ದಿನಕ್ಕೆ ಕೈ ಬಿಡುತ್ತಿದ್ದರು. ಗೌಡರ ಖಾತೆಯಿಂದ ಇಡೀ ದಿನದ ಕೂಲಿ ಹೋಗುತ್ತಿತ್ತು. ಹೊಂಡದ ತಳ ಸಿಕ್ಕಿತು ಎಂದು ಗೌಡರ ಕಡೆಯ ಎಂಜಿನಿಯರು ಬಂದು ಹೇಳಿದ ದಿನ ಸಣ್ಣತಾಯಮ್ಮ ಸೀರೆ ಎತ್ತಿ ಕಟ್ಟಿ ಬರಿಗಾಲಲ್ಲಿ ಒಳಗೆ ಇಳಿದರು. ನಡುವೆ ನಿಂತು ಹಿಮ್ಮಡಿಯಿಂದ ಒತ್ತಿದರು. ಮಣ್ಣು ಹಿಡಿ ಮಾಡಿ ಮೂಗಿಗೆ ಹಿಡಿದರು.

"ಇನ್ನೂ ಐತೆ."

ನಿಜವಾಗಿಯೂ ಇತ್ತು. ಇನ್ನೊಂದು ಪದರ ಬಗೆದಾಗ ಮಣ್ಣು ಹಸಿರುಗಪ್ಪಾಗಿ ಬಂತು. ಬಾವಿಗೆ ಯಾರೂ ಇಳಿಯಲಿಲ್ಲ. ದಡದಲ್ಲಿ ಡೀಸೆಲ್ ಎಂಜಿನ್ ಇಟ್ಟು ಕಪ್ಪುನೀರನ್ನು ಎತ್ತಿ ಅದೇ ತೊಟ್ಟಿಗಳಿಗೆ ಹಾಯಿಸಿದರು. ಬಾವಿ ಖಾಲಿಯಾಗುವುದು, ರಾತ್ರಿ ಊರುವುದು, ಮತ್ತೆ ಖಾಲಿ ಮಾಡುವುದು. ಎಂಜಿನಿನ ಸದ್ದು ಊರಿಗೆ ಅಭ್ಯಾಸವಾಯಿತು. ಅದು ನಿಂತಾಗ ಮರೀಗೌಡ ಕೂಗುತ್ತಿದ್ದ: "ಯಾಕ್ರಲಾ ನಿಲ್ಸುದ್ರಿ? ಗೌಡ್ರು ಕಲ್ಯಾಣ ಮಂಟಪಕ್ಕೆ ಉಳೀತದೆ ಅಂತ ತಿಳ್ಕಂಡಾರು, ಉಯ್ಯಿರಿ ಡೀಸಲ್ಲಾ!"

ನಾಲೆಗೆ ನೀರು ಬಿಡುವ ಹೊತ್ತಿಗೆ ಬಗೆದ ಜಾಗಕ್ಕೆಲ್ಲ ಟ್ರಾಕ್ಟರುಗಳಲ್ಲಿ ಕೆರೆಗೋಡು, ಅಂದರೆ ಕೆರೆಯ ಹೂಳುಮಣ್ಣು, ತಂದು ತುಂಬಿದರು. ಜಬ್ಬಾರ್ ಸಾಹೇಬರು ಶೆಡ್ಡಿನಲ್ಲಿ ಯಂತ್ರ ಕೂರಿಸಲು ಶುರು ಮಾಡಿದ್ದರು. ಒಂದು ದಿನ ಅವರು ಸಣ್ಣತಾಯಮ್ಮನವರ ಜಗುಲಿಯಲ್ಲಿ ಬಂದು ಕೂತರು. "ಅಮ್ಮಾ, ಗೌಡ್ರ ಜೊತೆ ನಿಮ್ ಜಗಳ ನಡೀಲಿ. ನನ್ ಲಾರಿಗೆ ನಾಳೆ ರಸ್ತೆ ಇರ್ತದೋ ಇಲ್ವೋ ಅನ್ನೋ ಫಿಕರಲ್ಲಿ ನಿದ್ದೆ ಬರ್ತಿಲ್ಲ."

"ನಿಮ್ಮತ್ರ ಏನ್ ಜಗಳ ಸಾಬ್ರೇ?" ಎಂದು ಸಣ್ಣತಾಯಮ್ಮ ಮರುದಿನವೇ ಅವರ ಜೊತೆ ಪಾಂಡವಪುರಕ್ಕೆ ಹೋಗಿ, ರಸ್ತೆಯ ಜಾಗವನ್ನು ಬಾಡಿಗೆಗೆ ಬರೆದುಕೊಟ್ಟು ಹೆಬ್ಬೆಟ್ಟು ಒತ್ತಿದರು. ಈ ಸಲ ಕಾಗದ ಮಾಡಿಸಿದರು. ಸಾಹೇಬರ ಲಾರಿಗಳಿಗೆ ಮಾತ್ರ ಎಂದು ಬರೆಸಿದರು.

ದಸರಾ ಹೊತ್ತಿಗೆ ಗದ್ದೆಯ ಬಣ್ಣ ತಿರುಗಿತ್ತು. ಸಣ್ಣತಾಯಮ್ಮ ಮಣ್ಣು ಹೇಗಿದೆ ನೋಡಲು ಅಲ್ಲಲ್ಲಿ ಹಿಡಿ ಹಿಡಿ ಹುರುಳಿ ಎರಚಿದ್ದರು. ಒಂದು ಬೆಳಿಗ್ಗೆ ಹೋದಾಗ ಕಂಡೆ: ಹುರುಳಿ ಎಲ್ಲ ಕಡೆ ಒಂದೇ ಸಮ ಮೊಳೆತು ಎರಡೆಲೆ ಬಿಟ್ಟಿತ್ತು. ಬಾವಿಯ ನೀರು ಕೈಯಲ್ಲಿ ಹಿಡಿದರೆ ಬೆರಳ ಗೆರೆ ಕಾಣುತ್ತಿತ್ತು. ಸಣ್ಣತಾಯಮ್ಮ ಬಗ್ಗಿ ಆ ಸಸಿಗಳನ್ನು ಒಂದೊಂದಾಗಿ ಕಿತ್ತು ಮಡಿಲಿಗೆ ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಎಂಜಿನಿಯರು ಬಂದರು. ಸಣ್ಣತಾಯಮ್ಮ ಮಣ್ಣು ಮೂಸಿದರು.

"ಇನ್ನೂ ಐತೆ."

ಎಂಜಿನಿಯರು ನನ್ನ ಮುಖ ನೋಡಿದರು. ಅವರು ನನ್ನನ್ನು ಏನೂ ಕೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡುವುದು ವರದಿಗಾರನ ಕೆಲಸವಲ್ಲ. ಮಧ್ಯಾಹ್ನ ಮತ್ತೆ ಯಂತ್ರ ಬಂತು, ಒಳ್ಳೆಯ ಕೆರೆಗೋಡನ್ನೇ ಬಗೆಯಲು ಶುರು ಮಾಡಿತು. ನಾನು ಬದುವಿನ ಮೇಲೆ ಕೂತು ಅದನ್ನು ಬಹಳ ಹೊತ್ತು ನೋಡಿದೆ.

ಹಾಗೆ ಚಳಿಗಾಲ ಕಳೆಯಿತು. ಬಗೆಯುವುದು, ತುಂಬುವುದು, ಮತ್ತೆ ಬಗೆಯುವುದು. ಎಂಜಿನ್ ಓಡುತ್ತಲೇ ಇತ್ತು. ಗೌಡರು ಮಂಡಳಿಯವರಿಂದ ಮಣ್ಣು ಪರೀಕ್ಷೆ ಮಾಡಿಸಿ, ಹೊಲ ಶುದ್ಧವಾಗಿದೆ ಎಂಬ ವರದಿಯನ್ನು ಬ್ಯಾಂಕಿಗೆ ತಂದರು. ವೀಳ್ಯ ಹಿಡಿಯಬೇಕೆಂಬ ಮಾತಿಗೆ ನೀವೇ ಒಪ್ಪಿದ್ದೀರಿ ಎಂದು ಮ್ಯಾನೇಜರು ತಲೆಯಾಡಿಸಿದರು. ಶ್ರೀರಂಗಪಟ್ಟಣದ ಬಸ್ ನಿಲ್ದಾಣದಲ್ಲಿ ಒಮ್ಮೆ ಸಿಕ್ಕಾಗ ಗೌಡರು ನನ್ನ ತೋಳು ಹಿಡಿದರು. "ನೀವಾದ್ರೂ ಬರೀರಿ ಸ್ವಾಮಿ, ಒಲ ಅಸನಾಗೈತೆ ಅಂತ. ಅವ್ಳಿಗೆ ಏನ್ ಬೇಕು? ದುಡ್ಡಾ? ಯೋಳ್ಲಿ."

"ನೀವು ಹೇಳಿದ್ದನ್ನ ನಿಮ್ಮ ಹೆಸರು ಹಾಕಿ ಬರೀತೀನಿ," ಎಂದೆ. "ಮೊದಲಿಂದಲೂ ಹಾಗೇ ಬರೆದಿರೋದು."

ಅವರು ತೋಳು ಬಿಟ್ಟರು.

ಯುಗಾದಿಗೆ ಕೆಲವು ದಿನ ಮುಂಚೆ ಅವರು ಮಿಲ್ಲಿಗೆ ಹೋಗಿ ಜಬ್ಬಾರ್ ಸಾಹೇಬರ ಹತ್ತಿರ ಗೋಳು ತೋಡಿಕೊಂಡರಂತೆ. ಇದನ್ನು ಸಾಹೇಬರೇ ನನಗೆ ಹೇಳಿದರು. "ನಾನಂದೆ, ಗೌಡ್ರೇ, ಮಣ್ಣಲ್ಲಿ ಏನೂ ಇಲ್ಲ. ಆ ಬಾವಿ ಮುಂದೆ ನೀವೊಂದು ಮಾತಾಡಿದ್ರಲ್ಲ, ಆ ಹುಡ್ಗನ್ ಮೇಲೆ. ಅಲ್ಲೈತೆ ಗಲೀಜು. ಅದನ್ನ ತೆಗೀರಿ ಅಂದೆ. ಅವ್ರು ಟೀನೂ ಕುಡೀದೆ ಎದ್ದೋದ್ರು."

ಯುಗಾದಿಯ ಬೆಳಿಗ್ಗೆ ಗೌಡರು ಬಂದರು. ಹಿಂದಿನ ವರ್ಷದಷ್ಟೇ ಜನ. ಈ ಸಲ ಚಾವಡಿಯ ಹತ್ತಿರವೇ ಬೂಟು ಬಿಚ್ಚಿ ಒಂದು ಕೈಯಲ್ಲಿ ಹಿಡಿದರು, ಇನ್ನೊಂದರಲ್ಲಿ ತಟ್ಟೆ. ಇಬ್ಬರೂ ಬದು ಸುತ್ತಿದರು. ಸಣ್ಣತಾಯಮ್ಮ ಬೇಕೆಂದೇ ನಿಧಾನ ನಡೆದರು. ಗೌಡರ ಪಾದ ಮೆತ್ತಗಿತ್ತು. ಕೊರಕಲು ಮಣ್ಣಿನ ಮೇಲೆ ಕುಂಟುತ್ತಿದ್ದರು. ಬಾವಿಯ ಹತ್ತಿರ ಬಂದಾಗ ನಿಂತರು.

"ಅಕ್ಕ," ಎಂದರು. "ನಿನ್ ಮಗ ಅವತ್ತು ಕುಡ್ದಿರ್ಲಿಲ್ಲ."

"ಪೇಪರ್ನೋರಿಗೆ ಕೇಳ್ಸಿಲ್ಲ."

ಗೌಡರು ನನ್ನ ಕಡೆ ತಿರುಗಿದರು. ನಾನು ಪೆನ್ನು ತೆಗೆದೆ. "ಕುಡ್ದಿರ್ಲಿಲ್ಲ. ನಮ್ ಕಪ್ನೀರಿಂದ ಬಾವೀಲಿ ಗ್ಯಾಸಾಗಿತ್ತು."

"ಗೊತ್ತಿತ್ತಾ?" ಎಂದರು ಸಣ್ಣತಾಯಮ್ಮ.

"ಗೊತ್ತಿತ್ತು."

"ಗೊತ್ತಿದ್ದೂ ಅಂದ್ಯಾ?"

ಊರೆಲ್ಲ ಅವರ ಬಾಯಿಯನ್ನೇ ನೋಡುತ್ತಿತ್ತು. "ಅಂದೆ," ಎಂದರು.

ಸಣ್ಣತಾಯಮ್ಮ ಸೆರಗಿನಿಂದ ಎರಡೂ ಕೈ ಹೊರಗೆ ತೆಗೆದು ವೀಳ್ಯ ಹಿಡಿದರು. ಗೌಡರು ಅಳುವವರ ದನಿಯಲ್ಲಿ ಅಂದರು: "ಇಷ್ಟೇನಾ ಅಕ್ಕ? ಮೊದ್ಲೇ ಒಂದ್ ಮಾತು ಯೋಳಿದ್ರೆ ಆಯ್ತಿರ್ಲಿಲ್ವಾ? ಇಷ್ಟೆಲ್ಲ ಯಾಕ್ ಬಗ್ಸ್ದೆ?"

"ಒಲ ದಸರಾಕ್ಕೇ ಅಸನಾಗಿತ್ತು ಗೌಡ್ರೇ. ಅಲ್ಲಿಂದೀಚೆಗೆ ಬಗ್ಸಿದ್ದು ನನ್ ಮಗನ್ ಪಾಲು," ಎಂದರು ಸಣ್ಣತಾಯಮ್ಮ. "ಯೋಳಿ ಯೋಳುಸ್ಕೊಳೋ ಮಾತಾ ಅದು?"

"ಖಾತೇಲಿ ಉಳ್ದಿರೋದು ಮಂಟಪದ ಬಾಗ್ಲಿಗೂ ಸಾಲ್ದಂತೆ ಕಣ್ರಪ್ಪ," ಎಂದ ಮರೀಗೌಡ.

ಗೌಡರು ಬೂಟು ಹಾಕಿಕೊಂಡು ಕಾರಿನ ಕಡೆಗೆ ಜಲ್ಲಿ ರಸ್ತೆ ಹಿಡಿದರು. ನಾಲ್ಕು ಹೆಜ್ಜೆ ಹೋಗಿರಬೇಕು, ಸಣ್ಣತಾಯಮ್ಮ ಹಿಂದಿನಿಂದ ಕೂಗಿದರು.

"ಅಲ್ಲಲ್ಲ ಗೌಡ್ರೇ. ಅದು ಸಾಬ್ರ ರಸ್ತೆ. ನಿಮ್ ಗುತ್ತಿಗೆ ಮುಗೀತು. ಬದುವಿನ್ ಮ್ಯಾಲೆ ಓಗಿ."

ಗೌಡರು ನಿಂತರು. ತಿರುಗಿ ನೋಡಲಿಲ್ಲ. ಆಮೇಲೆ ರಸ್ತೆಯಿಂದ ಇಳಿದು, ಅಡಿಯಗಲದ ಬದುವಿನ ಮೇಲೆ ಎರಡೂ ಕೈ ಅಗಲಿಸಿಕೊಂಡು ನಡೆದರು.